ಪಿಕಪ್ ಗಾಡಿಗೆ ಹಿಂದಿನ ಡಿಫ್ ಲಾಕ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಮೂಡಿಗೆರೆ ಕಡೆಯ ಕಾಫಿ ತೋಟ. ಮನೆಯಿಂದ ಡಾಂಬರು ರಸ್ತೆಗೆ ಎರಡು ಕಿಲೋಮೀಟರ್ ಮಣ್ಣಿನ ದಾರಿ. ನಡುವೆ ಒಂದು ಹಳ್ಳ, ಹಳ್ಳ ದಾಟಿದ ಕೂಡಲೇ ಕಡಿದಾದ ಏರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಏರು ಹತ್ತಿದರೆ ಪೇಟೆ, ಹತ್ತದಿದ್ದರೆ ಮನೆ. ನನ್ನ ಇಸುಜು ವಿ-ಕ್ರಾಸ್ ಪಿಕಪ್‌ಗೆ ಏರ್ ಲಾಕರ್, ಅಂದರೆ ಹಿಂದಿನ ಡಿಫ್ರೆನ್ಶಿಯಲ್ಲನ್ನು (ಡಿಫ್) ಗಾಳಿಯ ಒತ್ತಡದಿಂದ ಲಾಕ್ ಮಾಡುವ ಸಾಧನ, ಹಾಕಿಸಿ ನಾಲ್ಕು ಮಳೆಗಾಲ ಕಳೆಯಿತು. ಅಂದಿನಿಂದ ಸಂತೆಯಲ್ಲಿ, ಫೋನಿನಲ್ಲಿ, ಮದುವೆಮನೆಯ ಊಟದ ಸಾಲಿನಲ್ಲಿ ಜನ ಇದರ ಬಗ್ಗೆಯೇ ಕೇಳುತ್ತಾರೆ. ಅವರು ಕೇಳಿದ್ದನ್ನು ಅವರವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ.

## ಮೊದಲಿಂದ ಶುರು ಮಾಡೋಣ

ಡಿಫ್ರೆನ್ಶಿಯಲ್ ಅಂದ್ರೇನು, ಅದನ್ನ ಯಾಕೆ ಲಾಕ್ ಮಾಡ್ಬೇಕು?

ಗಾಡಿ ತಿರುಗುವಾಗ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕು, ಒಳಗಿನದು ಕಡಿಮೆ. ಹಿಂದಿನ ಎರಡು ಚಕ್ರಗಳ ನಡುವೆ ಒಂದೂವರೆ ಮೀಟರ್ ಇದೆ ಅಂದುಕೊಳ್ಳಿ. ಒಂದು ಯು-ಟರ್ನ್ ಹೊಡೆದರೆ ಹೊರಗಿನದು ಒಳಗಿನದಕ್ಕಿಂತ ಸುಮಾರು 4.7 ಮೀಟರ್ ಹೆಚ್ಚು ಉರುಳುತ್ತದೆ. ಎರಡನ್ನೂ ಒಂದೇ ಸರಳಿಗೆ ಬಿಗಿದಿದ್ದರೆ ಯಾವುದಾದರೂ ಒಂದು ರಸ್ತೆಗೆ ಉಜ್ಜಿಕೊಂಡೇ ಬರಬೇಕಿತ್ತು. ಹಾಗಾಗದಂತೆ ಎರಡೂ ಚಕ್ರವನ್ನು ತಮ್ಮ ತಮ್ಮ ವೇಗದಲ್ಲಿ ತಿರುಗಲು ಬಿಡುವುದೇ ಡಿಫ್ರೆನ್ಶಿಯಲ್. ಹಿಂದಿನ ಆಕ್ಸಲ್‌ನ ಹೊರಕವಚ, ಅಂದರೆ ಹೌಸಿಂಗ್, ನಡುವೆ ಮಡಕೆ ಹಾಗೆ ಉಬ್ಬಿರುತ್ತದಲ್ಲ, ಅದರೊಳಗೆ ಕೂತಿರುತ್ತದೆ.

ಕಷ್ಟ ಎಲ್ಲಿ ಅಂದರೆ, ಸಾದಾ ಡಿಫ್ ಎರಡೂ ಕಡೆಗೆ ಸಮಪಾಲು ಬಲ ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿ ತೂಗುತ್ತಿದ್ದರೆ ಅದನ್ನು ತಿರುಗಿಸಲು ಬೇಕಾದ ಬಲ ಚಿಟಿಕೆಯಷ್ಟು. ನೆಲ ಕಚ್ಚಿ ನಿಂತ ಇನ್ನೊಂದು ಚಕ್ರಕ್ಕೂ ಸಿಗುವುದು ಅದೇ ಚಿಟಿಕೆ. ನೀವು ಎಷ್ಟು ಆಕ್ಸಿಲರೇಟರ್ ತುಳಿದರೂ ಗಾಳಿಯಲ್ಲಿರುವುದು ಗಿರಗಿರ ತಿರುಗುತ್ತದೆ, ನೆಲದಲ್ಲಿರುವುದು ಸುಮ್ನೆ ನೋಡುತ್ತಾ ನಿಲ್ಲುತ್ತದೆ. ಲಾಕ್ ಮಾಡಿದರೆ ಎರಡೂ ಒಂದಾಗಿ ತಿರುಗಲೇಬೇಕು. ಆಗ ಯಾವ ಚಕ್ರಕ್ಕೆ ಹಿಡಿತ ಇದೆಯೋ ಅದು ಗಾಡಿಯನ್ನು ತಳ್ಳುತ್ತದೆ.

ನಂದು ಫೋರ್ ಬೈ ಫೋರ್ ಗಾಡಿ. ಆದ್ರೂ ಚರಂಡಿ ಅಡ್ಡ ದಾಟೋವಾಗ ಸಿಕ್ಕಾಕೊಂಡೆ. ಫೋರ್ ವೀಲ್ ಕೆಟ್ಟೋಗಿದ್ಯಾ?

ಕೆಟ್ಟಿಲ್ಲ. ಫೋರ್ ವೀಲ್ ಹಾಕಿದಾಗ ಬಲ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹಂಚಿಹೋಗುತ್ತದೆ ನಿಜ. ಆದರೆ ಎರಡೂ ಆಕ್ಸಲ್‌ಗಳ ಒಳಗೆ ಸಾದಾ ಡಿಫ್ ಹಾಗೇ ಇದೆ. ಚರಂಡಿಯನ್ನು ಓರೆಯಾಗಿ ದಾಟುವಾಗ ಮುಂದಿನ ಎಡ ಚಕ್ರ ಮತ್ತು ಹಿಂದಿನ ಬಲ ಚಕ್ರ ಹಗುರವಾದವು ಅಂತಿಟ್ಟುಕೊಳ್ಳಿ. ಆ ಎರಡು ತಿರುಗುತ್ತವೆ, ಉಳಿದ ಎರಡು ನಿಲ್ಲುತ್ತವೆ. ನಾಲ್ಕು ಚಕ್ರದ ಗಾಡಿಯನ್ನು ಕಟ್ಟಿಹಾಕಲು ಎರಡು ಚಕ್ರ ಸಾಕು. ಹಿಂದೆ ಒಂದು ಲಾಕರ್ ಇದ್ದಿದ್ದರೆ ಮೂರನೆಯ ಚಕ್ರ ಕೆಲಸಕ್ಕೆ ಬರುತ್ತಿತ್ತು, ನೀವು ದಾಟುತ್ತಿದ್ದಿರಿ.

ಟ್ರ್ಯಾಕ್ಟರ್‌ನಲ್ಲಿ ಹಿಮ್ಮಡಿ ಹತ್ರ ಒಂದು ಪೆಡಲ್ ಇರುತ್ತಲ್ಲ, ಅದೇನಾ ಇದು?

ಅದೇ. ಗದ್ದೆ ಉಳುವಾಗ ಒಂದು ಚಕ್ರ ಕೆಸರಲ್ಲಿ ಜಾರಿದರೆ ಹಿಮ್ಮಡಿಯಲ್ಲಿ ಒತ್ತುತ್ತೀರಿ, ಎರಡೂ ಒಟ್ಟಿಗೆ ತಿರುಗಿ ಎದ್ದು ಬರುತ್ತೀರಿ, ಕಾಲು ತೆಗೆಯುತ್ತೀರಿ. ಹೊಸದಾಗಿ ಟ್ರ್ಯಾಕ್ಟರ್ ಕಲಿಯುವವರಿಗೆ ಹಿರಿಯರು ಹೇಳುವ ಮಾತೂ ಪಿಕಪ್‌ಗೆ ಹಾಗೇ ಸಲ್ಲುತ್ತದೆ: ಲಾಕ್ ಒತ್ತಿಕೊಂಡು ಸ್ಟೇರಿಂಗ್ ತಿರುಗಿಸಬೇಡ. ಟಿಪ್ಪರ್ ಓಡಿಸುವವರಿಗೂ ಇದು ಗೊತ್ತು, ಅವರಿಗೆ ಡ್ಯಾಶ್‌ಬೋರ್ಡಿನಲ್ಲಿ ಸ್ವಿಚ್ ಇರುತ್ತದೆ.

ಎಲ್‌ಎಸ್‌ಡಿ ಬೇರೆ, ಲಾಕರ್ ಬೇರೆನಾ? ಟ್ರ್ಯಾಕ್ಷನ್ ಕಂಟ್ರೋಲ್ ಇದ್ರೆ ಸಾಲ್ದಾ?

ಮೂರೂ ಬೇರೆ ಬೇರೆ. ಎಲ್‌ಎಸ್‌ಡಿ (ಲಿಮಿಟೆಡ್ ಸ್ಲಿಪ್ ಡಿಫ್ರೆನ್ಶಿಯಲ್) ಅಂದರೆ ಜಾರುವ ಚಕ್ರಕ್ಕೆ ಸ್ವಲ್ಪ ಅಡ್ಡಿ ಮಾಡಿ ಇನ್ನೊಂದಕ್ಕೆ ಸ್ವಲ್ಪ ಜಾಸ್ತಿ ಬಲ ದಾಟಿಸುವ ಡಿಫ್. ಒದ್ದೆ ಡಾಂಬರಿನಲ್ಲಿ ಚೆನ್ನ. ಒಂದು ಚಕ್ರ ಪೂರ್ತಿ ಗಾಳಿಯಲ್ಲಿದ್ದರೆ ಅದರ ಕೈ ಸೋಲುತ್ತದೆ. ಗೇರ್ ಮಾದರಿಯ ಎಲ್‌ಎಸ್‌ಡಿಯಂತೂ ಜಾರುವ ಚಕ್ರದ ಬಲವನ್ನೇ ಇಷ್ಟು ಪಟ್ಟು ಅಂತ ಗುಣಿಸಿ ಇನ್ನೊಂದಕ್ಕೆ ಕೊಡುತ್ತದೆ; ಗಾಳಿಯಲ್ಲಿರುವ ಚಕ್ರದ ಬಲ ಸೊನ್ನೆ, ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ.

ಟ್ರ್ಯಾಕ್ಷನ್ ಕಂಟ್ರೋಲ್ ಜಾರುವ ಚಕ್ರದ ಬ್ರೇಕನ್ನು ತಾನೇ ಹಿಡಿಯುತ್ತದೆ. ಒಳ್ಳೆಯ ಟ್ರ್ಯಾಕ್ಷನ್ ಕಂಟ್ರೋಲ್ ಇರುವ ಗಾಡಿ ತೋಟದ ಮುಕ್ಕಾಲು ಕೆಲಸ ಮಾಡುತ್ತದೆ, ಇದನ್ನು ಒಪ್ಪಲೇಬೇಕು. ಆದರೆ ಚಕ್ರ ಮೊದಲು ಜಾರಬೇಕು, ಆಮೇಲೆ ಅದು ಎಚ್ಚರವಾಗಬೇಕು. ಅಷ್ಟರಲ್ಲಿ ಏರಿನಲ್ಲಿ ಗಾಡಿಯ ಓಟ ನಿಂತಿರುತ್ತದೆ, ಚಕ್ರದಡಿ ಗುಂಡಿ ಬಿದ್ದಿರುತ್ತದೆ. ಲಾಕರ್ ಆದರೆ ಜಾರುವ ಮೊದಲೇ ಸಿದ್ಧವಾಗಿರುತ್ತದೆ.

ಹ್ಯಾಂಡ್ ಬ್ರೇಕ್ ಎರಡು ಹಲ್ಲು ಎಳೆದ್ರೆ ಲಾಕರ್ ಥರಾನೇ ಆಗುತ್ತಂತೆ?

ಹಳೇ ಜೀಪಿನವರ ಉಪಾಯ. ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ. ಹ್ಯಾಂಡ್ ಬ್ರೇಕ್ ಎರಡೂ ಹಿಂಚಕ್ರಗಳನ್ನು ಸಮನಾಗಿ ಹಿಡಿಯುತ್ತದೆ. ಜಾರುವ ಚಕ್ರಕ್ಕೆ ಅಡ್ಡಿ ಮಾಡಿ ಹಿಡಿತ ಇರುವ ಚಕ್ರಕ್ಕೆ ಬಂದ ಬಲವನ್ನು ಆ ಕಡೆಯ ಬ್ರೇಕೇ ತಿಂದುಹಾಕುತ್ತದೆ. ಎಲ್ಲೋ ಒಮ್ಮೊಮ್ಮೆ ಒಂದು ಕಡೆಯ ಡ್ರಮ್ ಜಾಸ್ತಿ ಹಿಡಿದು ಕೆಲಸವಾದದ್ದೂ ಇರಬಹುದು. ಟ್ರ್ಯಾಕ್ಟರ್‌ನಲ್ಲಿ ಎಡ ಬಲಕ್ಕೆ ಬೇರೆ ಬೇರೆ ಬ್ರೇಕ್ ಪೆಡಲ್ ಇರುವುದರಿಂದ ಅಲ್ಲಿ ಈ ಉಪಾಯ ನಿಜವಾಗಿ ನಡೆಯುತ್ತದೆ. ಬಹುಶಃ ಅಲ್ಲಿಂದಲೇ ಇಲ್ಲಿಗೆ ಬಂದ ನಂಬಿಕೆ.

## ಹಾಕಿಸೋದೋ ಬೇಡವೋ

ನೇರವಾಗಿ ಹೇಳಿ, ನನಗೆ ಲಾಕರ್ ಬೇಕಾ?

ಕೇಳಿದ ಹತ್ತು ಜನರಲ್ಲಿ ಏಳೆಂಟು ಜನಕ್ಕೆ ನಾನು ಬೇಡ ಅಂದಿದ್ದೇನೆ. ಮೊದಲು ಟೈರ್ ನೋಡಿ. ಹೈವೇ ಟೈರಿನ ಸಂದಿಗೆ ಜೇಡಿಮಣ್ಣು ತುಂಬಿಕೊಂಡರೆ ಅದು ಬೋಳು ಟೈರೇ. ಆ ಗಾಡಿಗೆ ಲಾಕರ್ ಹಾಕಿದರೆ ಒಂದು ಚಕ್ರ ಜಾರುವ ಬದಲು ಎರಡು ಜಾರುತ್ತವೆ, ಅಷ್ಟೇ. ಒಳ್ಳೆಯ ಆಲ್ ಟೆರೇನ್ ಟೈರ್ ಹಾಕಿ. ಕೆಸರಿಗೆ ಇಳಿಯುವ ಮೊದಲು ಗಾಳಿಯನ್ನು 18-20 ಪಿಎಸ್‌ಐಗೆ ಇಳಿಸಿ, ನಿಧಾನ ಓಡಿಸಿ. ರಸ್ತೆಗೆ ಬಂದು ತುಂಬಿಸಲು ಒಂದು ಸಣ್ಣ ಕಂಪ್ರೆಸರ್ ಇಟ್ಟುಕೊಳ್ಳಿ. ಇಷ್ಟರಲ್ಲೇ ಬಹಳ ಜನರ ಕಷ್ಟ ಮುಗಿಯುತ್ತದೆ.

ಇಷ್ಟು ಮಾಡಿಯೂ ಚಕ್ರ ಎತ್ತಿಕೊಂಡು ನಿಲ್ಲುತ್ತಿದ್ದರೆ ಮಾತ್ರ ಲಾಕರ್ ವಿಚಾರ ಮಾಡಿ. ಒಂದು ಗುರುತು ಹೇಳುತ್ತೇನೆ. ಸಿಕ್ಕಿಬಿದ್ದಾಗ ಇಳಿದು ಹಿಂದೆ ಹೋಗಿ ನೋಡಿ. ಹಿಂದಿನ ಎರಡೂ ಚಕ್ರ ಕೆಸರು ತೋಡಿದ್ದರೆ ನಿಮ್ಮದು ಟೈರಿನ ಕಷ್ಟ. ಒಂದು ತೋಡಿ, ಇನ್ನೊಂದು ಅಲುಗದೆ ನಿಂತಿದ್ದರೆ ಲಾಕರಿನ ಕಷ್ಟ.

ಪಿಕಪ್‌ಗೇ ಯಾಕೆ ಇದು ಜಾಸ್ತಿ ಬೇಕು ಅಂತಾರೆ?

ಹಿಂದೆ ಭಾರ ಹೊರಲು ಕಟ್ಟಿದ ಗಟ್ಟಿ ಪಟ್ಟೆ ಸ್ಪ್ರಿಂಗ್ ಇರುತ್ತದೆ. ಬಾಡಿ ಖಾಲಿ ಇದ್ದಾಗ ಆ ಸ್ಪ್ರಿಂಗ್ ಬಾಗುವುದೇ ಇಲ್ಲ. ಗುಂಡಿಗೆ ಚಕ್ರ ಇಳಿದು ಕೂರುವ ಬದಲು ಮೇಲೇ ತೂಗುತ್ತದೆ. ಇಂಜಿನ್ ಭಾರವೆಲ್ಲ ಮುಂದೆ, ಹಿಂದೆ ಬರೀ ತಗಡು. ಹಾಗಾಗಿ ಲೋಡ್ ಹೊತ್ತಾಗ ಸಲೀಸಾಗಿ ಹತ್ತಿದ ಗಾಡಿ ಖಾಲಿ ಇದ್ದಾಗ ಅದೇ ಏರಿನಲ್ಲಿ ನಿಲ್ಲುತ್ತದೆ.

ನಂದು ಟೂ ವೀಲ್ ಡ್ರೈವ್ ಬೊಲೆರೊ ಪಿಕಪ್. ಲಾಕರ್ ಹಾಕಿದ್ರೆ ಫೋರ್ ಬೈ ಫೋರ್ ಥರ ಹೋಗುತ್ತಾ?

ಅಷ್ಟು ಹೋಗುವುದಿಲ್ಲ, ಆದರೆ ನೀವು ಅಂದುಕೊಂಡದ್ದಕ್ಕಿಂತ ದೂರ ಹೋಗುತ್ತದೆ. ಹಿಂದಿನ ಎರಡೂ ಚಕ್ರ ತಳ್ಳಿದರೂ ಮುಂದಿನ ಎರಡು ಬರೀ ಎಳೆಸಿಕೊಂಡು ಬರುವ ಭಾರ. ಆಳ ಕೆಸರಲ್ಲಿ ಮೂತಿ ಹೂತರೆ ಮುಗಿಯಿತು. ಖರ್ಚಿಲ್ಲದ ಉಪಾಯ ಮೊದಲು ಮಾಡಿ ನೋಡಿ. ಮಳೆಗಾಲದಲ್ಲಿ 50 ಕೆ.ಜಿ.ಯ ನಾಲ್ಕು ಮರಳಿನ ಮೂಟೆಗಳನ್ನು ಆಕ್ಸಲ್ ಮೇಲೆ ಬರುವಂತೆ ಇಟ್ಟು ಕಟ್ಟಿ. ಕಟ್ಟದೆ ಇಡಬೇಡಿ, ಬ್ರೇಕ್ ಹಾಕಿದಾಗ ಅವು ಕ್ಯಾಬಿನ್ನಿಗೆ ಬಂದು ಗುದ್ದುತ್ತವೆ. ನಿಮ್ಮ ಆಕ್ಸಲ್‌ಗೆ ಹೊಂದುವ ಲಾಕರ್ ಸಿಗುತ್ತದೆಯೇ ಅನ್ನುವುದು ಬೇರೆ ಪ್ರಶ್ನೆ. ಆಮದು ಲಾಕರ್‌ಗಳು ಹೆಚ್ಚಾಗಿ ಬೇರೆ ದೇಶಗಳಲ್ಲೂ ಓಡುವ ಗಾಡಿಗಳಿಗೇ ಬರುತ್ತವೆ.

ಕಂಪನಿಯಿಂದಲೇ ಲಾಕರ್ ಬರೋ ಗಾಡಿ ಯಾವುದಿದೆ?

ಪಿಕಪ್‌ನಲ್ಲಿ ಟೊಯೋಟ ಹೈಲಕ್ಸ್. 2022ರಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂತು, ಜೋಡಣೆ ನಮ್ಮ ಬಿಡದಿಯಲ್ಲೇ. ಹಿಂದಿನ ಡಿಫ್‌ಗೆ ಸ್ವಿಚ್ ಒತ್ತುವ ಲಾಕ್ ಇದೆ. 2016ರಲ್ಲಿ ಬಂದ ವಿ-ಕ್ರಾಸ್‌ನಲ್ಲಿ ಇರಲಿಲ್ಲ, ಅದಕ್ಕೇ ನಾನು ಈ ಪಾಡು ಪಟ್ಟದ್ದು. ಪಿಕಪ್ ಅಲ್ಲದವುಗಳಲ್ಲಿ ಫೋರ್ಸ್ ಗೂರ್ಖಾಗೆ ಮುಂದೆ ಹಿಂದೆ ಎರಡೂ ಕಡೆ ಲಾಕ್ ಇದೆ. ಮಹೀಂದ್ರ ಥಾರ್‌ಗೆ 2015ರಿಂದ ತಾನೇ ಲಾಕ್ ಆಗುವ ಹಿಂದಿನ ಡಿಫ್ ಬರುತ್ತಿದೆ, ಎಲ್ಲ ಮಾದರಿಗಳಲ್ಲೂ ಅಲ್ಲ. ಹೊಸ ಗಾಡಿ ಕೊಳ್ಳುವವರಿಗೆ ನನ್ನ ಮಾತು: ಕಂಪನಿಯಿಂದ ಬರುವುದನ್ನೇ ತಗೊಳ್ಳಿ. ವಾರಂಟಿ ಉಳಿಯುತ್ತದೆ, ನಿದ್ದೆಯೂ ಬರುತ್ತದೆ.

ಹಿಂದಕ್ಕೇ ಯಾಕೆ? ಮುಂದಕ್ಕೆ ಹಾಕಿಸಿದ್ರೆ?

ಏರು ಹತ್ತುವಾಗ ಭಾರ ಹಿಂದಕ್ಕೆ ಸರಿಯುತ್ತದೆ, ತಳ್ಳುವ ಚಕ್ರಗಳು ಅವೇ. ಮುಂದೆ ಲಾಕ್ ಮಾಡಿದರೆ ಸ್ಟೇರಿಂಗ್ ಕಲ್ಲಾಗುತ್ತದೆ, ಸಣ್ಣ ಆಕ್ಸಲ್‌ಗಳ ಮೇಲೆ ಒತ್ತಡವೂ ಜಾಸ್ತಿ. ಒಂದೇ ಹಾಕಿಸುವುದಾದರೆ ಹಿಂದಕ್ಕೆ.

ಎಷ್ಟು ಖರ್ಚಾಗುತ್ತೆ?

ಆಮದು ಏರ್ ಲಾಕರ್, ಕಂಪ್ರೆಸರ್, ಬೇರಿಂಗು, ಸೀಲು, ಕೂಲಿ ಎಲ್ಲ ಸೇರಿದರೆ ಲಕ್ಷ ದಾಟುತ್ತದೆ. ಆಮದು ಸುಂಕ, ಡಾಲರ್ ಬೆಲೆ ನೋಡಿಕೊಂಡು ಏರಿಳಿಯುತ್ತದೆ. ಬೇರಿಂಗು ಮತ್ತು ಸೀಲಿನ ದುಡ್ಡು ಉಳಿಸಲು ಹೋಗಬೇಡಿ. ಹಳೇ ಬೇರಿಂಗ್ ಕೂರಿಸಿ ಆರು ತಿಂಗಳಿಗೆ ಮತ್ತೆ ಬಿಚ್ಚಿಸಿದರೆ ಕೂಲಿ ಎರಡು ಸಲ.

ಆರ್‌ಟಿಒ ತಕರಾರು ಮಾಡ್ತಾರಾ? ಇನ್ಶೂರೆನ್ಸ್?

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಡಿಫ್ ಒಳಗೆ ಏನಿದೆ ಅಂತ ಆರ್‌ಸಿಯಲ್ಲಿ ಬರೆದಿರುವುದಿಲ್ಲ, ಹೊರಗಿಂದ ಕಾಣುವುದೂ ಇಲ್ಲ. ಆದರೂ ಹಾಕಿಸುವ ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಒಂದು ಮಾತು ಕೇಳಿ. ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸಿ. ಮುಚ್ಚಿಟ್ಟು ಕ್ಲೇಮ್ ಸಮಯದಲ್ಲಿ ಸಿಕ್ಕಿಬೀಳುವುದಕ್ಕಿಂತ ಅದು ಮೇಲು. ಆಕ್ಸಲ್‌ನ ವಾರಂಟಿಯ ಆಸೆ ಬಿಟ್ಟುಬಿಡಿ.

## ಯಾವ ಲಾಕರ್?

ಗಾಳಿದು, ಕರೆಂಟಿಂದು, ತಾನೇ ಆಗೋದು ಅಂತ ಮೂರು ಥರ ಹೇಳ್ತಾರೆ. ಯಾವುದು ಒಳ್ಳೇದು?

ಗಾಳಿಯದರಲ್ಲಿ ಹೆಸರಾದದ್ದು ಆಸ್ಟ್ರೇಲಿಯಾದ ಎಆರ್‌ಬಿ. ಸ್ವಿಚ್ ಒತ್ತಿದರೆ ಕಂಪ್ರೆಸರಿನ ಗಾಳಿ ತೆಳ್ಳಗಿನ ಪೈಪಿನಲ್ಲಿ ಡಿಫ್ ಒಳಗೆ ಹೋಗಿ ಒಂದು ಪಿಸ್ಟನ್ ತಳ್ಳುತ್ತದೆ. ಆ ಪಿಸ್ಟನ್ ಒಂದು ಸೈಡ್ ಗೇರನ್ನು (ಒಂದು ಕಡೆಯ ಆಕ್ಸಲ್‌ಗೆ ಕೂಡಿದ ಗೇರ್) ಹೊರಗಿನ ಕೇಜ್‌ಗೆ, ಅಂದರೆ ಈ ಗೇರುಗಳನ್ನೆಲ್ಲ ಹೊತ್ತು ತಿರುಗುವ ಗೂಡಿಗೆ, ಕಚ್ಚಿಸುತ್ತದೆ. ಒಂದು ಸೈಡ್ ಗೇರ್ ಕಚ್ಚಿಕೊಂಡರೆ ಎರಡು ಸೈಡ್ ಗೇರುಗಳ ನಡುವಿನ ಪುಟ್ಟ ಗೇರಿಗೆ, ಸ್ಟಾರ್ ಪಿನಿಯನ್ನಿಗೆ, ತಿರುಗಲು ದಾರಿಯಿಲ್ಲ, ಎರಡೂ ಚಕ್ರ ಒಂದಾದವು. ಸ್ವಿಚ್ ತೆಗೆದರೆ ಸಾದಾ ಡಿಫ್. ಹಿಡಿತ ಗಟ್ಟಿ, ನಂಬಿಕೆಯದು. ಕಿರಿಕಿರಿ ಎಲ್ಲ ಗಾಳಿಯ ದಾರಿಯಲ್ಲಿ: ಪೈಪು, ಓ-ರಿಂಗು (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ), ಸೊಲೆನಾಯ್ಡ್ (ಗಾಳಿಯನ್ನು ಬಿಟ್ಟು ತಡೆಯುವ ಕರೆಂಟ್ ವಾಲ್ವ್).

ಕರೆಂಟಿನದು, ಅಂದರೆ ಈಟನ್, ಹ್ಯಾರಪ್ ಇ-ಲಾಕರ್‌ಗಳು. ಪೈಪಿಲ್ಲ, ಕಂಪ್ರೆಸರಿಲ್ಲ, ಒಳಗಿನ ಕಾಯಿಲ್‌ಗೆ ಒಂದು ವೈರು ಸಾಕು. ಹಾಕಿಸುವ ಕೆಲಸ ಕಡಿಮೆ. ಕೆಲವು ಇ-ಲಾಕರ್‌ಗಳು ಕಚ್ಚಿಕೊಳ್ಳಲು ಚಕ್ರ ಸ್ವಲ್ಪ ತಿರುಗಬೇಕು. ಮುಂದಕ್ಕೆ ಹಿಂದಕ್ಕೆ ಆಡಿಸುವಾಗ ಒಮ್ಮೆ ಬಿಟ್ಟು ಮತ್ತೆ ಹಿಡಿಯುವುದೂ ಉಂಟು.

ತಾನೇ ಆಗುವುದರಲ್ಲಿ ಥಾರ್‌ನಲ್ಲಿರುವ ಈಟನ್ ಎಂಎಲ್‌ಡಿ (ಮೆಕ್ಯಾನಿಕಲ್ ಲಾಕಿಂಗ್ ಡಿಫ್ರೆನ್ಶಿಯಲ್) ಜಾಣ. ಎರಡು ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದರೆ ಒಳಗಿನ ಪುಟ್ಟ ತೂಕಗಳು ಹೊರಕ್ಕೆ ತೂರಿ ಲಾಕ್ ಎಳೆಯುತ್ತವೆ. ಗಾಡಿ ಗಂಟೆಗೆ 30 ಕಿ.ಮೀ. ದಾಟಿದರೆ ಹಿಡಿಯುವುದಿಲ್ಲ. ಹಿಡಿದಾಗ ಹಿಂದಿನಿಂದ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ ಧಡ್ ಅನ್ನುತ್ತದೆ, ಮೊದಲ ಸಲ ಎಲ್ಲರೂ ಹೆದರುತ್ತಾರೆ. ಇನ್ನು ಡೆಟ್ರಾಯಿಟ್ ಲಾಕರ್ ಇದಕ್ಕೆ ಉಲ್ಟಾ: ಯಾವಾಗಲೂ ಲಾಕ್, ತಿರುವಿನಲ್ಲಿ ಮಾತ್ರ ಹೊರಗಿನ ಚಕ್ರ ಬಿಡುತ್ತದೆ. ಗಟ್ಟಿಮುಟ್ಟು, ಆದರೆ ಘಾಟಿಯ ಒದ್ದೆ ತಿರುವಿನಲ್ಲಿ ಖಾಲಿ ಪಿಕಪ್‌ನ ಬಾಲ ಆಡಿಸುತ್ತದೆ. ಚಾರ್ಮಾಡಿ ಇಳಿಯುವ ನನಗೆ ಅದು ಬೇಡ.

ನಾನು ಗಾಳಿಯದು ಆರಿಸಿದ್ದಕ್ಕೆ ಕಾರಣ ಸರಳ. ಟೈರಿಗೆ ಗಾಳಿ ಹೊಡೆಯಲು ಕಂಪ್ರೆಸರ್ ಹೇಗೂ ಬೇಕಿತ್ತು.

ಸ್ಟಾರ್ ಪಿನಿಯನ್ ವೆಲ್ಡ್ ಮಾಡಿಸಿಬಿಟ್ರೆ? ಎರಡು ಸಾವಿರದಲ್ಲಿ ಆಗುತ್ತೆ.

ಸ್ಪರ್ಧೆಯ ಜೀಪಿಗೆ, ಟ್ರೇಲರ್ ಮೇಲೆ ಹೋಗಿ ಬರುವುದಕ್ಕೆ ಸರಿ. ರಸ್ತೆಗೆ ಬರುವ ಗಾಡಿಗೆ ಬೇಡವೇ ಬೇಡ. ತಿರುವಿನಲ್ಲೆಲ್ಲ ಟೈರ್ ಎಳೆಯುತ್ತದೆ, ಮಳೆಯಲ್ಲಿ ಮೂತಿ ತಿರುಗದೆ ನೇರ ಹೋಗುತ್ತದೆ. ವೆಲ್ಡ್ ಬಿಟ್ಟರೆ ಆ ಚೂರು ಕ್ರೌನ್, ಅಂದರೆ ಡಿಫ್‌ನ ದೊಡ್ಡ ಹಲ್ಲುಚಕ್ರದ, ಹಲ್ಲಿನ ನಡುವೆ ಸಿಕ್ಕಿ ಓಡುವ ಗಾಡಿಯ ಹಿಂಚಕ್ರ ನಿಲ್ಲಿಸಬಹುದು.

ನಮ್ಮ ಗಾಡಿ ಹೆಸರೇ ಹಾಕಿದಾರೆ, ಆನ್‌ಲೈನ್‌ನಲ್ಲಿ ತರಿಸಿಬಿಡ್ಲಾ?

ಹೆಸರು ನೋಡಿ ತರಿಸಬೇಡಿ. ಒಂದೇ ಹೆಸರಿನ ಗಾಡಿಗೆ ದೇಶಕ್ಕೊಂದು, ವರ್ಷಕ್ಕೊಂದು ಆಕ್ಸಲ್ ಇರುತ್ತದೆ. ಆಕ್ಸಲ್ ತುದಿಯ ಸ್ಪ್ಲೈನ್ (ಉದ್ದುದ್ದ ಕೊರೆದ ಹಲ್ಲು) ಎಷ್ಟು, ಕ್ರೌನ್ ಎಷ್ಟು ಅಗಲ, ಬೋಲ್ಟ್ ಎಷ್ಟು ಮತ್ತು ಯಾವ ಅಳತೆ, ಕ್ರೌನ್ ಮತ್ತು ಅದನ್ನು ತಿರುಗಿಸುವ ಸಣ್ಣ ಗೇರ್ ಪಿನಿಯನ್ನಿನ ಹಲ್ಲುಗಳ ಅನುಪಾತ ಎಷ್ಟು ಅನ್ನುವುದನ್ನು ಬಿಚ್ಚಿ ನೋಡಿ ಎಣಿಸಿಯೇ ಆರ್ಡರ್ ಮಾಡಬೇಕು. ಕೆಲವು ಲಾಕರ್‌ಗಳು ಒಂದು ಅನುಪಾತದ ಆಚೆಗೆ ಕೂರುವುದೇ ಇಲ್ಲ. ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿದರೂ ಒಮ್ಮೆ ಹಲ್ಲು ಎಣಿಸಿ.

## ಗ್ಯಾರೇಜಿನಲ್ಲಿ

ನಮ್ಮೂರ ಮೆಕ್ಯಾನಿಕ್ ಜೀಪ್ ಪೂರ್ತಿ ಬಿಚ್ಚಿ ಕಟ್ತಾರೆ. ಅವರೇ ಹಾಕ್ತಾರಲ್ವಾ?

ಹಾಕಬಹುದು. ಒಂದು ಪ್ರಶ್ನೆ ಕೇಳಿ ನೋಡಿ: "ಡಯಲ್ ಗೇಜ್ ಇದ್ಯಾ?" ಕೂದಲೆಳೆಯಷ್ಟು ಸಂದನ್ನೂ ಅಳೆಯುವ ಉಪಕರಣ ಅದು. ಇಲ್ಲ, ಕೈಯಲ್ಲೇ ಗೊತ್ತಾಗುತ್ತೆ ಅಂದರೆ ನಮಸ್ಕಾರ ಹೇಳಿ ಬನ್ನಿ.

ನಾನು ಹಾಗೆ ಬರಲಿಲ್ಲ. ಮೊದಲ ಸಲ ಹಾಕಿಸಿದ ಗ್ಯಾರೇಜಿನವರು ಕೈ ಅಂದಾಜಿನಲ್ಲೇ ಕೂರಿಸಿ ಸಂಜೆಗೆ ಗಾಡಿ ಕೊಟ್ಟರು. ಲಾಕ್ ಚೆನ್ನಾಗಿಯೇ ಹಿಡಿಯಿತು. ಆದರೆ ಗಂಟೆಗೆ 60 ಕಿ.ಮೀ. ದಾಟಿದರೆ ಹಿಂದಿನಿಂದ ಕೂಗು, ಆಕ್ಸಿಲರೇಟರ್ ಬಿಟ್ಟರೆ ಆ ಕೂಗು ರಾಗ ಬದಲಿಸುತ್ತಿತ್ತು. "ಹೊಸದಲ್ವಾ, ಓಡ್ತಾ ಓಡ್ತಾ ಸರಿಹೋಗುತ್ತೆ" ಅಂದರು. ಹಲ್ಲಿನ ಕೂಗು ಓಡುತ್ತಾ ಸರಿಹೋಗುವುದಿಲ್ಲ, ಓಡುತ್ತಾ ಹಲ್ಲು ಹೋಗುತ್ತದೆ. ಬೇರೆ ಕಡೆ ಮತ್ತೆ ಬಿಚ್ಚಿಸಿದೆ.

ಲಾಕರ್ ಹಾಕುವುದು ಅಂದರೆ ಇಡೀ ಡಿಫ್ ಕೇಜ್ ತೆಗೆದು, ನಿಮ್ಮ ಹಳೆಯ ಕ್ರೌನನ್ನು ಹೊಸ ಕೇಜ್ ಮೇಲೆ ಬಿಗಿದು ಮತ್ತೆ ಕೂರಿಸುವುದು. ಹೊಸ ಕೇಜ್ ಹಳೆಯದಕ್ಕಿಂತ ಕೂದಲೆಳೆಯಷ್ಟು ಆಚೀಚೆ ಇದ್ದರೂ ಕ್ರೌನ್ ಮತ್ತು ಪಿನಿಯನ್ ಕೂಡುವ ಜಾಗ ಬದಲಾಗುತ್ತದೆ. ಎರಡರ ನಡುವಿನ ಪ್ಲೇ, ಬ್ಯಾಕ್‌ಲ್ಯಾಶ್ ಅನ್ನುತ್ತಾರಲ್ಲ, ಇಂಥ ಗಾಡಿಗಳಲ್ಲಿ ಮಿಲಿಮೀಟರಿನ ಹತ್ತರಲ್ಲೊಂದೆರಡು ಪಾಲು ಇರುತ್ತದೆ. ನಿಮ್ಮ ಗಾಡಿಯ ಸರಿಯಾದ ಅಂಕೆ ಸರ್ವಿಸ್ ಮ್ಯಾನುಯಲ್‌ನಲ್ಲಿದೆ. ಅದನ್ನು ಗೇಜಿನಲ್ಲಿ ಅಳೆದು ಶಿಮ್ (ತೆಳ್ಳಗಿನ ಲೋಹದ ಬಿಲ್ಲೆ) ಅಥವಾ ಅಡ್ಜಸ್ಟರ್‌ನಲ್ಲಿ ಸರಿಮಾಡಬೇಕು. ಒಂದೇ ಕಡೆ ಅಳೆದರೆ ಸಾಲದು, ಕ್ರೌನ್ ತಿರುಗಿಸಿ ಮೂರು ನಾಲ್ಕು ಕಡೆ ಅಳೆಯಬೇಕು. ಬೇರಿಂಗಿನ ಬಿಗಿ ಬೇರೆ ನೋಡಬೇಕು. ಕೊನೆಗೆ ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿದರೆ ಎಲ್ಲಿ ತಾಗುತ್ತದೆ ಅಂತ ಅಚ್ಚು ಬೀಳುತ್ತದೆ. ಅಚ್ಚು ಹಲ್ಲಿನ ನಡುವೆ ಇರಬೇಕು. ತುದಿಗೋ ಬುಡಕ್ಕೋ ಹೋಗಿದ್ದರೆ ಮತ್ತೆ ಬಿಚ್ಚು, ಮತ್ತೆ ಕೂರಿಸು. ಎರಡನೆಯ ಮೇಸ್ತ್ರಿ ಒಂದೂವರೆ ದಿನ ಇದನ್ನೇ ಮಾಡಿದರು. ಆ ಅಚ್ಚಿನ ಫೋಟೊ ತೆಗೆದು ನನಗೆ ಕೊಟ್ಟರು. ನೀವೂ ಕೇಳಿ ಇಸಿದುಕೊಳ್ಳಿ.

ಹೈಲಕ್ಸ್, ಜಿಪ್ಸಿಯಂಥ ಗಾಡಿಗಳಲ್ಲಿ ಕ್ರೌನ್ ಪಿನಿಯನ್ ಸಮೇತ ಇಡೀ ಮುದ್ದೆ ಮುಂದಿನಿಂದ ಈಚೆಗೆ ಬರುತ್ತದೆ. ಟೇಬಲ್ ಮೇಲೆ ಇಟ್ಟು ಆರಾಮಾಗಿ ಹೊಂದಿಸಬಹುದು. ಹಿಂದಿನ ಕವರ್ ಬಿಚ್ಚಿ ಒಳಗೇ ಕೆಲಸ ಮಾಡಬೇಕಾದ ಆಕ್ಸಲ್‌ಗಳಲ್ಲಿ ಗಾಡಿಯಡಿ ಮಲಗಿಯೇ ಮಾಡಬೇಕು, ಬೆನ್ನು ಹೋಗುತ್ತದೆ.

ಗಾಳಿ ಪೈಪು, ವೈರು ಎಲ್ಲಿಂದ ಎಳೆಸಲಿ?

ಸೈಲೆನ್ಸರ್‌ನಿಂದ ದೂರ, ಬ್ರೇಕ್ ಪೈಪಿನ ಜೊತೆಗೆ ಮೇಲೆ, ಆಕ್ಸಲ್ ಪೂರ್ತಿ ಕೆಳಗಿಳಿದರೂ ಎಳೆಯದಷ್ಟು ಸಡಿಲ ಬಿಟ್ಟು. ಕೆಳಗೆ ನೇತಾಡಿದರೆ ಕಾಫಿ ಗಿಡದ ಬೊಡ್ಡೆ ಕಿತ್ತುಹಾಕುತ್ತದೆ. ನನ್ನ ಮೊದಲ ಪೈಪನ್ನು ಕಿತ್ತದ್ದು ಬೊಡ್ಡೆಯಲ್ಲ, ಇಲಿ. ಶೆಡ್ಡಿನಲ್ಲಿ ನಿಲ್ಲಿಸಿದ್ದ ಗಾಡಿಯ ಪೈಪನ್ನು ಒಂದೇ ರಾತ್ರಿ ಮೂರು ಕಡೆ ಕಡಿದಿತ್ತು. ಈಗ ಹೊರಗೊಂದು ಗಟ್ಟಿ ಸುರುಳಿ ಕೊಳವೆ ಹಾಕಿದ್ದೇನೆ. ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಒಂದು ಮೀಟರ್ ಪೈಪು, ಎರಡು ಜಾಯಿಂಟ್ ಸದಾ ಇರುತ್ತವೆ.

ಹಳ್ಳ ದಾಟೋವಾಗ ಒಳಗೆ ನೀರು ಹೋಗಲ್ವಾ?

ಲಾಕರ್ ಇದ್ದರೂ ಇಲ್ಲದಿದ್ದರೂ ಹೋಗಬಹುದು. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಬ್ರೀದರ್‌ನಿಂದ (ಹೌಸಿಂಗ್ ಉಸಿರಾಡುವ ಕಿಂಡಿ) ನೀರು ಎಳೆದುಕೊಳ್ಳುತ್ತದೆ. ಹೇಗೂ ಬಿಚ್ಚಿದ್ದಾಗ ಬ್ರೀದರ್‌ಗೆ ಉದ್ದದ ಪೈಪು ಹಾಕಿಸಿ, ಬಾಡಿಯ ಮೇಲಿನವರೆಗೆ ಒಯ್ದು ಕಟ್ಟಿಸಿ. ನೂರು ರೂಪಾಯಿಯ ಕೆಲಸ. ಆಯಿಲ್ ತೆಗೆದಾಗ ಹಾಲು ಬೆರೆಸಿದ ಚಹಾದ ಬಣ್ಣ ಬಂದರೆ ನೀರು ಸೇರಿದೆ, ಆವತ್ತೇ ಬದಲಿಸಿ.

ಆಯಿಲ್ ಯಾವುದು ಹಾಕ್ಬೇಕು?

ಗಾಡಿಯ ಪುಸ್ತಕದಲ್ಲಿರುವುದೇ. ಹೆಚ್ಚಾಗಿ ಜಿಎಲ್-5 ಗುಣಮಟ್ಟದ 80ಡಬ್ಲ್ಯೂ-90 ಇರುತ್ತದೆ. ಎಲ್‌ಎಸ್‌ಡಿಗೆ ಹಾಕುವ, ಘರ್ಷಣೆ ತಗ್ಗಿಸುವ ಫ್ರಿಕ್ಷನ್ ಮಾಡಿಫೈಯರನ್ನು ಈಟನ್ ಎಂಎಲ್‌ಡಿಗೆ ಹಾಕಬಾರದು, ಅದು ಕೆಲಸ ಮಾಡುವುದೇ ಘರ್ಷಣೆಯ ಮೇಲೆ. ಹಾಕಿಸಿದ ಮೇಲೆ ಮೊದಲ ಸಾವಿರ ಕಿಲೋಮೀಟರಿಗೆ ಒಮ್ಮೆ ಆಯಿಲ್ ಬದಲಿಸಿ, ಡ್ರೈನ್ ಬೋಲ್ಟಿನ ಆಯಸ್ಕಾಂತಕ್ಕೆ ಏನಂಟಿದೆ ನೋಡಿ. ಬೂದಿಯಂಥ ನುಣುಪು ಪುಡಿ ಸಹಜ. ಚೂರು ಸಿಕ್ಕರೆ ಮೇಸ್ತ್ರಿಗೆ ಫೋನ್ ಮಾಡಿ.

## ಓಡಿಸುವಾಗ

ಸಿಕ್ಕಾಕೊಂಡ ಮೇಲೆ ಒತ್ತೋದಾ, ಮೊದಲೇ ಒತ್ತೋದಾ?

ಮೊದಲೇ. ಕೆಟ್ಟ ಜಾಗ ಕಂಡಾಗ ನಿಲ್ಲಿಸಿ. ಇಳಿದು ನೋಡಿ. ಲೋ ಗೇರ್ ಹಾಕಿ, ಸ್ಟೇರಿಂಗ್ ನೇರ ಮಾಡಿ, ಲಾಕ್ ಒತ್ತಿ, ಮೆಲ್ಲಗೆ ಹೊರಡಿ. ಸ್ವಿಚ್ಚಿನ ದೀಪ ಹತ್ತಿದ ಮಾತ್ರಕ್ಕೆ ಲಾಕ್ ಆಯಿತು ಅಂತಲ್ಲ. ಹಲ್ಲಿಗೆ ಹಲ್ಲು ಕೂಡಲು ಚಕ್ರ ಸ್ವಲ್ಪ ಉರುಳಬೇಕು. ಗಿರಗಿರ ತಿರುಗುತ್ತಿರುವ ಚಕ್ರದ ಮೇಲೆ ಮಾತ್ರ ಯಾವತ್ತೂ ಒತ್ತಬೇಡಿ. ಆ ಪೆಟ್ಟಿಗೆ ಹಲ್ಲೋ ಆಕ್ಸಲ್ಲೋ ಯಾವುದಾದರೂ ಒಂದು ಹೋಗುತ್ತದೆ. ಕಷ್ಟ ದಾಟಿದ ಕೂಡಲೇ ತೆಗೆಯಿರಿ.

ಲಾಕ್ ಹಾಕಿದ್ರೆ ಗಾಡಿ ತಿರುಗೋದೇ ಇಲ್ಲ, ನೇರ ಹೋಗುತ್ತೆ. ಕೆಟ್ಟಿದೆಯಾ?

ಇಲ್ಲ, ಅದರ ಗುಣವೇ ಅದು. ಸ್ಟೇರಿಂಗ್ ತಿರುಗಿಸಿದರೂ ಹಿಂದಿನ ಎರಡು ಚಕ್ರ ಒಟ್ಟಿಗೆ ನೇರಕ್ಕೆ ತಳ್ಳುತ್ತವೆ. ತೋಟದ ಹಿಮ್ಮುರಿ ತಿರುವಿನಲ್ಲಿ ಇದು ದೊಡ್ಡ ತಲೆನೋವು. ತಿರುವಿಗೆ ಮುಂಚೆ ತೆಗೆದು, ದಾಟಿ, ಬೇಕಾದರೆ ಮತ್ತೆ ಹಾಕಿ. ಡಾಂಬರಿನ ಮೇಲೆ ಲಾಕ್ ಬೇಡ.

ಪಕ್ಕಕ್ಕೆ ವಾಲಿದ ದಾರೀಲಿ ಲಾಕ್ ಹಾಕಿದೆ, ಹಿಂದಿನ ಭಾಗ ಕೆಳಕ್ಕೆ ಜಾರಿತು. ಯಾಕೆ?

ಇದನ್ನು ಎಲ್ಲರೂ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಸಾದಾ ಡಿಫ್‌ನಲ್ಲಿ ಒಂದು ಚಕ್ರ ಜಾರಿದರೂ ತಿರುಗದ ಇನ್ನೊಂದು ಚಕ್ರ ಗೂಟದ ಹಾಗೆ ನೆಲ ಹಿಡಿದಿರುತ್ತದೆ, ಬಾಲ ಪಕ್ಕಕ್ಕೆ ಹೋಗದಂತೆ ತಡೆಯುತ್ತದೆ. ಲಾಕ್ ಹಾಕಿ ಎರಡೂ ಜಾರಿದರೆ ಆ ಗೂಟವೂ ಕಿತ್ತುಬಂತು. ತಿರುಗುತ್ತಾ ಜಾರುವ ಚಕ್ರಕ್ಕೆ ಪಕ್ಕದ ಹಿಡಿತ ಇರುವುದಿಲ್ಲ. ನಮ್ಮ ಕಡೆ ಒಂದು ಬದಿ ಧರೆ, ಇನ್ನೊಂದು ಬದಿ ಇಳಿಜಾರು, ನಡುವೆ ಪಾಚಿ ಕಟ್ಟಿದ ಕೆಂಪು ಮಣ್ಣು. ಅಂಥ ಕಡೆ ಲಾಕ್ ತೆಗೆದು ಹೋಗಲು ನೋಡಿ. ಆಗದಿದ್ದರೆ ಹಗ್ಗ ಕಟ್ಟಿಸಿ, ಟ್ರ್ಯಾಕ್ಟರ್ ಕರೆಸಿ. ಲಾಕರ್ ಇದೆ ಅನ್ನುವ ಧೈರ್ಯಕ್ಕೇ ಹೋಗಿ ಅರ್ಧ ಎಕರೆ ಕೆಳಗೆ ಗಿಡದ ಮೇಲೆ ನಿಂತ ಗಾಡಿ ಎತ್ತಿಸಲು ನಾನೂ ಹೋಗಿದ್ದೇನೆ.

ಆಕ್ಸಲ್ ಮುರಿಯುತ್ತಾ?

ಮುರಿಯಬಹುದು. ಸಾದಾ ಡಿಫ್‌ನಲ್ಲಿ ಒಂದು ಆಕ್ಸಲ್‌ಗೆ ಅರ್ಧಕ್ಕಿಂತ ಜಾಸ್ತಿ ಬಲ ಹೋಗುವುದಿಲ್ಲ. ಲಾಕ್ ಆದಾಗ ಒಂದು ಚಕ್ರ ಗಾಳಿಯಲ್ಲಿದ್ದರೆ ಪೂರ್ತಿ ಬಲ ಇನ್ನೊಂದರ ಮೇಲೆ. ಲೋ ಗೇರಿನಲ್ಲಿ, ಪೂರ್ತಿ ಲೋಡಿನಲ್ಲಿ, ಕಲ್ಲಿಗೆ ಸಿಕ್ಕ ಚಕ್ರದ ಮೇಲೆ ಆಕ್ಸಿಲರೇಟರ್ ಗುದ್ದಿದರೆ ಅದಕ್ಕೆ ಬೇರೆ ದಾರಿಯಿಲ್ಲ. ಕಂಪನಿ ಅಳತೆಗಿಂತ ದೊಡ್ಡ ಟೈರ್ ಹಾಕಿದ್ದರೆ ಅಪಾಯ ಇನ್ನೂ ಜಾಸ್ತಿ. ಕಾಲು ಹಗುರ ಇರಲಿ.

ಎಬಿಎಸ್, ಇಎಸ್‌ಸಿ ಇರೋ ಗಾಡಿಗೆ ಹೊರಗಿನ ಲಾಕರ್ ಹಾಕಿದ್ರೆ ತೊಂದರೆನಾ?

ಇಎಸ್‌ಸಿ ಅಂದರೆ ಗಾಡಿ ಅಡ್ಡ ಜಾರದಂತೆ ಬ್ರೇಕನ್ನೂ ಬಲವನ್ನೂ ತಾನೇ ಹೊಂದಿಸುವ ವ್ಯವಸ್ಥೆ. ಕಂಪನಿಯ ಲಾಕರ್ ಒತ್ತಿದಾಗ ಗಾಡಿಯ ಕಂಪ್ಯೂಟರಿಗೆ ಅದು ಗೊತ್ತಾಗುತ್ತದೆ, ಇಂಥ ವ್ಯವಸ್ಥೆಗಳನ್ನು ತಾನೇ ಬದಿಗಿಡುತ್ತದೆ. ಹೊರಗಿಂದ ಹಾಕಿಸಿದ್ದು ಅದಕ್ಕೆ ಗೊತ್ತೇ ಇಲ್ಲ. ಏರಿನ ನಡುವೆ ಸುಮ್ನೆ ಬ್ರೇಕ್ ಹಿಡಿದೋ ಬಲ ತಗ್ಗಿಸಿಯೋ ಕಾಡಬಹುದು. ಲಾಕ್ ಒತ್ತುವ ಮೊದಲು ಇಎಸ್‌ಸಿ ಬಟನ್ ಆಫ್ ಮಾಡಿ. ಡಾಂಬರಿಗೆ ಬಂದಾಗ ಆನ್ ಮಾಡಲು ಮರೆಯಬೇಡಿ.

ಲಾಕರ್ ಸರಿ ಇದ್ಯಾ ಅಂತ ಮನೇಲೇ ನೋಡೋದು ಹೇಗೆ?

ಸಮತಟ್ಟಾದ ಜಾಗದಲ್ಲಿ ಮುಂಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಎರಡೂ ಚಕ್ರ ಎತ್ತಿ ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಡಿ. ಲಾಕ್ ಹಾಕಿ ಒಂದು ಚಕ್ರ ಕೈಯಲ್ಲಿ ತಿರುಗಿಸಿದರೆ ಇನ್ನೊಂದೂ ಅದೇ ದಿಕ್ಕಿಗೆ ತಿರುಗಬೇಕು. ಲಾಕ್ ತೆಗೆದು ಗೇರಿಗೆ ಹಾಕಿ ತಿರುಗಿಸಿದರೆ ಉಲ್ಟಾ ದಿಕ್ಕಿಗೆ. ಇಂಜಿನ್‌ನಲ್ಲಿ ಮಾತ್ರ ಪರೀಕ್ಷೆ ಬೇಡ. ಅದರಲ್ಲೂ ಒಂದೇ ಚಕ್ರ ಜಾಕ್ ಮೇಲಿಟ್ಟು ಗೇರ್ ಹಾಕಿದರೆ ನೆಲದಲ್ಲಿರುವ ಚಕ್ರ ಗಾಡಿಯನ್ನು ಜಾಕಿನಿಂದ ಹಾರಿಸುತ್ತದೆ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಸಡಿಲ ಮಣ್ಣಿನ ಮೇಲೆ ಲಾಕ್ ಹಾಕಿ ತೆಗೆಯಿರಿ.

ನಾನು ಅಮೆರಿಕದಲ್ಲಿದ್ದೀನಿ, ಶೆವರ್ಲೆ ಪಿಕಪ್. ಜಿ80 ಇದೆ ಅಂದ್ರು. ಅದೂ ಲಾಕರಾ?

ಹೌದು, ಈಟನ್‌ದೇ. 1973ರಿಂದ ಜನರಲ್ ಮೋಟಾರ್ಸ್ ಪಿಕಪ್‌ಗಳಿಗೆ ಬರುತ್ತಿದೆ. ಊರಿನ ಥಾರ್‌ನಲ್ಲಿರುವುದಕ್ಕೆ ಅಣ್ಣ ಅನ್ನಬಹುದು. ಹಿಮದಲ್ಲಿ ಹುಷಾರು: ನಡು ಉಬ್ಬಿದ ರಸ್ತೆಯಲ್ಲಿ ಎರಡೂ ಚಕ್ರ ಒಟ್ಟಿಗೆ ಜಾರಿದರೆ ಬಾಲ ಬದಿಗೆ ಇಳಿಯುತ್ತದೆ, ನಮ್ಮ ಪಾಚಿ ದಾರಿಯ ಹಾಗೆಯೇ.

ಸ್ವಿಚ್ ತೆಗೆದ್ರೂ ಲಾಕ್ ಬಿಡ್ತಿಲ್ಲ. ಈಗ ರಸ್ತೇಲಿ ನಿಂತಿದ್ದೀನಿ, ಏನ್ ಮಾಡ್ಲಿ?

ಹೆದರಬೇಡಿ. ಹೆಚ್ಚಾಗಿ ಒಳಗೆ ಹಲ್ಲುಗಳು ಒತ್ತಡದಲ್ಲಿ ಬಿಗಿದುಕೊಂಡಿರುತ್ತವೆ. ಸ್ಟೇರಿಂಗ್ ನೇರ ಮಾಡಿ ಎರಡು ಮೂರು ಮೀಟರ್ ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಬನ್ನಿ. ಟಕ್ ಅಂತ ಬಿಡುತ್ತದೆ. ಬಿಡದಿದ್ದರೆ ಒಂದು ಬದಿ ಸಡಿಲ ಮಣ್ಣಿನ ಮೇಲೆ ಬರುವಂತೆ ನಿಲ್ಲಿಸಿ ಹಾಗೇ ಮಾಡಿ. ಏರ್ ಲಾಕರ್ ಆಗಿದ್ದರೆ ಸ್ವಿಚ್ ತೆಗೆದಾಗ ಸೊಲೆನಾಯ್ಡ್‌ನಿಂದ ಪುಸ್ ಅನ್ನುವ ಸದ್ದು ಬರಬೇಕು. ಬಂದಿಲ್ಲವಾದರೆ ಗಾಳಿ ಒಳಗೇ ಉಳಿದಿದೆ, ಸೊಲೆನಾಯ್ಡ್ ಹತ್ತಿರ ಪೈಪು ಬಿಚ್ಚಿ ಬಿಡಿ. ಗಾಳಿಯ ಜೊತೆ ಗೇರ್ ಆಯಿಲ್ ಹನಿಸಿದರೆ ಒಳಗಿನ ಓ-ರಿಂಗ್ ಹೋಗಿದೆ ಅಂತ. ಮನೆಗೆ ನಿಧಾನ ಬನ್ನಿ, ಬಂದು ಮೇಸ್ತ್ರಿಗೆ ಹೇಳಿ. ಪೈಪಿನ ಬಾಯಿಗೆ ಒಂದು ಬಟ್ಟೆ ಕಟ್ಟಿ, ಇಲ್ಲದಿದ್ದರೆ ಕೆಸರು ಒಳಗೆ ಹೋಗುತ್ತದೆ.